ಅಪ್‌ಡೇಟ್: ಎರಡು ಕೊಂಬಲ್ಲ, ನಡುವೆ ಪರದೆ
ಎರಡು ಗರ್ಭಪಾತಗಳ ಬಳಿಕ ಸ್ಕ್ಯಾನಿಂಗ್ ವರದಿಯಲ್ಲಿ ‘ಬೈಕಾರ್ನುಯೇಟ್’, ಅಂದರೆ ಎರಡು ಕೊಂಬಿನ ಗರ್ಭಕೋಶ ಎಂದು ಬರೆದಿದ್ದಾಗ, ಮುಂದೇನು ಮಾಡಬೇಕೆಂದು ಇಲ್ಲಿ ಕೇಳಿದ್ದೆ. ಎಚ್‌ಎಸ್‌ಜಿ, ಅಂದರೆ ಗರ್ಭಕೋಶದೊಳಗೆ ದ್ರವ ತುಂಬಿಸಿ ತೆಗೆಯುವ ಎಕ್ಸ್‌ರೇ, ಮಾಡಿಸುವ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಅದು ಒಳಗಿನ ಪೊಳ್ಳನ್ನಷ್ಟೇ ತೋರಿಸುವುದರಿಂದ, ಮೊಲದ ಕಿವಿಗಳಂತೆ ಎರಡು ಕವಲು ಕಂಡವೇ ಹೊರತು ಗರ್ಭಕೋಶದ ಹೊರಮೈ ಹೇಗಿದೆಯೆಂಬುದು ತಿಳಿಯಲಿಲ್ಲ. ಕೈಹಿಡಿದದ್ದು 3ಡಿ ಅಲ್ಟ್ರಾಸೌಂಡ್ ಸಲಹೆ: ಮೇಲ್ಭಾಗದ ಹೊರಗೆರೆ ಸಮವಾಗಿಯೇ ಇದ್ದು, ಒಳಗೆ ನಡುವೆ ಪರದೆಯೊಂದು ಇಳಿದಿತ್ತು. ಅದನ್ನು ತೆಗೆದರೆ ಗರ್ಭ ನಿಂತೇ ನಿಲ್ಲುತ್ತದೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲವೆಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಆದರೂ ಒಪ್ಪಿದೆ, ಹೊಟ್ಟೆ ಕೊಯ್ಯದೆ ಹಿಸ್ಟರೋಸ್ಕೋಪಿಯಲ್ಲೇ, ಅಂದರೆ ಯೋನಿಯ ಮೂಲಕ ಕ್ಯಾಮೆರಾ ನಳಿಕೆ ತೂರಿಸಿ, ಪರದೆಯನ್ನು ಕತ್ತರಿಸಿದರು. ನಿಜಕ್ಕೂ ಎರಡು ಕೊಂಬಿನದಾಗಿದ್ದರೆ ಅದೇ ಕತ್ತರಿ ಗರ್ಭಕೋಶಕ್ಕೆ ತೂತು ಮಾಡಬಹುದಿತ್ತಂತೆ! ಅಚ್ಚರಿಯ ಸಂಗತಿ ಇನ್ನೊಂದಿದೆ: ಭ್ರೂಣದಲ್ಲಿ ಮೂತ್ರಾಂಗ, ಗರ್ಭಕೋಶಗಳು ಒಟ್ಟೊಟ್ಟಿಗೆ ರೂಪುಗೊಳ್ಳುವ ಕಾರಣ ಮೂತ್ರಪಿಂಡಗಳನ್ನೂ ನೋಡಿದರು, ನನಗಿರುವುದು ಒಂದೇ.