ಅಪ್‌ಡೇಟ್: ಗಣೇಶೋತ್ಸವದ ರಸಮಂಜರಿ, ಗುಂಯ್‌ಗುಡುವ ಕೀಬೋರ್ಡ್, ಕೂಗುವ ಮೈಕು

ಹಿಂದೆ ಕೇಳಿದ್ದು ಇಷ್ಟು: ಐದು ಜನರ ಆರ್ಕೆಸ್ಟ್ರಾ. ಕೀಬೋರ್ಡ್ ಲೈನಿನಲ್ಲಿ ಗುಂಯ್ ಸದ್ದು, ಹಾಡುವವರ ಮೈಕ್ ಕೂಗುತ್ತದೆ, ಕರೆಂಟ್ ಹೋಗಿ ಜನರೇಟರ್ ಶುರುವಾದರೆ ಕೀಬೋರ್ಡ್ ರೀಸ್ಟಾರ್ಟ್ ಆಗುತ್ತದೆ. ಮೂರೂ ಸರಿಹೋದವು.

ಗುಂಯ್ ಸದ್ದು ಗ್ರೌಂಡ್ ಲೂಪಿನದು, ಅಂದರೆ ಎರಡು ಬೇರೆ ಪ್ಲಗ್ಗುಗಳ ಅರ್ತ್ ಆಡಿಯೋ ಕೇಬಲ್ ಮೂಲಕವೂ ಸೇರಿ ಸುತ್ತು ಬಿದ್ದಾಗ ಬರುವುದು. ಕೀಬೋರ್ಡಿಗೆ ವೇದಿಕೆಯ ಪ್ಲಗ್, ಮಿಕ್ಸರ್‌ಗೆ ಪೆಂಡಾಲಿನ ಆಚೆ ತುದಿಯದು, ನಡುವೆ 15 ಮೀಟರ್ ಮಾಮೂಲಿ ಗಿಟಾರ್ ಕೇಬಲ್. ಈಗ ಕೀಬೋರ್ಡಿನಿಂದ 3 ಮೀಟರ್ ಕೇಬಲ್ ಡಿಐ ಬಾಕ್ಸಿಗೆ (ವಾದ್ಯದ ಸಿಗ್ನಲನ್ನು ಉದ್ದದ ಮೈಕ್ ಕೇಬಲ್ಲಿಗೆ ಹೊಂದಿಸುವ ಪುಟ್ಟ ಪೆಟ್ಟಿಗೆ), ಅಲ್ಲಿಂದ ಎಕ್ಸ್‌ಎಲ್‌ಆರ್, ಅಂದರೆ ಮೂರು ಪಿನ್ನಿನ ಮೈಕ್ ಕೇಬಲ್ ಮಿಕ್ಸರ್‌ಗೆ. ಆಡಿಯೋ ಕೇಬಲ್ಲಿನ ಗ್ರೌಂಡ್ ಸಂಪರ್ಕ ಮಾತ್ರ ಕಡಿಯುವ, ಬಾಕ್ಸಿನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದ ಕೂಡಲೇ ಸದ್ದು ನಿಂತಿತು. ಪ್ಲಗ್ಗಿನ ಅರ್ತ್ ಪಿನ್ ಕೀಳುವ ಉಪಾಯ ಮಾತ್ರ ಖಂಡಿತ ಬೇಡ. ಮಳೆಗೆ ನೆಂದ ವೇದಿಕೆಯಲ್ಲಿ ಮೈಕ್ ತಾಗಿದ ತುಟಿಗೇ ಶಾಕ್ ಹೊಡೆಯಬಹುದು, ಜೀವಕ್ಕೇ ಅಪಾಯ.

ಮೈಕ್ ಕಾರ್ಡಿಯಾಯ್ಡ್, ಅಂದರೆ ಹಿಂಬದಿಯಿಂದ ಬರುವ ಸದ್ದನ್ನು ಅತಿ ಕಡಿಮೆ ಹಿಡಿಯುತ್ತದೆ. ಮಾನಿಟರನ್ನು (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಪಕ್ಕದಿಂದ ತೆಗೆದು ನೇರ ಮೈಕಿನ ಹಿಂಬದಿಗೆ ಇಟ್ಟಾಯಿತು. ಮಿಕ್ಸರ್‌ನಲ್ಲಿ 100 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಬಟನ್) ಒತ್ತಿ, ಕೂಗುತ್ತಿದ್ದ 2.5 ಕಿಲೋಹರ್ಟ್ಸ್ ಸುತ್ತ 4 ಡಿಬಿ ಇಳಿಸಿದ್ದೇವೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಇದೆಲ್ಲ ವ್ಯರ್ಥ, ಮೈಕ್ ಎಲ್ಲ ದಿಕ್ಕಿನ ಸದ್ದನ್ನೂ ಎಳೆದುಕೊಳ್ಳುತ್ತದೆ. ಹಾಡುವವರಿಗೆ ಹಿಡಿಕೆ ಹಿಡಿಯುವ ಅಭ್ಯಾಸ ಮಾಡಿಸಲೇಬೇಕು.

ರೀಸ್ಟಾರ್ಟಿಗೆ 600 ವಿಎ ಯುಪಿಎಸ್ ಸಾಕಾಯಿತು. ಕೀಬೋರ್ಡ್, ಮಿಕ್ಸರ್ ಮಾತ್ರ ಅದಕ್ಕೆ. ಆಂಪ್ಲಿಫೈಯರ್ ಸಿಕ್ಕಿಸಿದರೆ ಲೋಡ್ ತಾಳದೆ ಆಫ್ ಆಗುತ್ತದೆ.

ಇನ್ನು ಡೋಲಕ್ ಮೈಕಿನ ಜಾಗ ನೋಡಬೇಕು.