ಪದಚರ್ಚೆ: ‘ಸಾಲಿಟರಿ ಕನ್‌ಫೈನ್‌ಮೆಂಟ್’ ಅನ್ನುವುದಕ್ಕೆ ‘ಏಕಾಂತ ಸೆರೆ’ ಒಪ್ಪುತ್ತದೆಯೇ?

ಗೆಳೆಯರೇ,

ಕೈದಿಗಳೂ ಅವರ ಮನೆಯವರೂ ತಾವೇ ಓದಿಕೊಳ್ಳುವಂಥ ಒಂದು ಕೈಪಿಡಿಯನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇವೆ. ಜೈಲಿನೊಳಗಿನ ಹಕ್ಕುಗಳ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಒಂದೆರಡು ಪದಗಳಿಗೆ ನಿಮ್ಮ ಸಹಾಯ ಬೇಕು.

ಮೊದಲನೆಯದು ‘ಸಾಲಿಟರಿ ಕನ್‌ಫೈನ್‌ಮೆಂಟ್’, ಅಂದರೆ ಕೈದಿಯನ್ನು ಉಳಿದವರಿಂದ ದೂರವಿಟ್ಟು ಒಬ್ಬನನ್ನೇ ಕೂಡಿಹಾಕುವುದು. ಪತ್ರಿಕೆಗಳಲ್ಲಿ ಏಕಾಂತ ಸೆರೆವಾಸ, ಏಕಾಂಗಿ ಸೆರೆವಾಸ, ಒಂಟಿ ಸೆರೆ ಎಲ್ಲವೂ ಕಾಣುತ್ತವೆ. ‘ಏಕಾಂತ’ ನನಗೆ ಒಗ್ಗುತ್ತಿಲ್ಲ. ದೇವಸ್ಥಾನದಲ್ಲಿ ರಾತ್ರಿ ಕೊನೆಗೆ ನಡೆಯುವುದು ಏಕಾಂತ ಸೇವೆ. ಹೊಸದಾಗಿ ಮದುವೆಯಾದವರಿಗೆ ಏಕಾಂತ ಬೇಕು, ಬರೆಯುವವರಿಗೂ ಬೇಕು. ಬಯಸಿ ಪಡೆಯುವ ಸ್ಥಿತಿ ಅದು. ಬೀಗ ಹಾಕಿ ಕೂಡಿಹಾಕುವುದಕ್ಕೆ ಆ ಹೆಸರು ಕೊಟ್ಟರೆ ಓದಿದವರಿಗೆ ಅದರ ಕಷ್ಟ ತಟ್ಟುವುದೇ ಇಲ್ಲ. ‘ಒಂಟಿ ಸೆರೆ’ ಅಂದರೆ ತಟ್ಟುತ್ತದೆ. ನನ್ನ ಒಲವು ಆ ಕಡೆಗೇ.

ಆದರೆ ಇಷ್ಟಕ್ಕೇ ಮುಗಿಯುವುದಿಲ್ಲ. ಕಾನೂನಿನಲ್ಲಿ ಇಂಥ ಸೆರೆ ಮೂರು ಬಗೆ. ಒಂಟಿ ಸೆರೆ ಕೋರ್ಟು ಮಾತ್ರ ವಿಧಿಸಬಹುದಾದ ಶಿಕ್ಷೆ. ಹಳೆಯ ಐಪಿಸಿಯ 73 ಮತ್ತು 74ನೇ ಕಲಮುಗಳು ಈಗ ಭಾರತೀಯ ನ್ಯಾಯ ಸಂಹಿತೆಯ 11 ಮತ್ತು 12. ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದೇ ಸಲಕ್ಕೆ 14 ದಿನ ಮೀರುವಂತಿಲ್ಲ, ನಡುವೆ ಕಡಿಮೆಯೆಂದರೆ ಅಷ್ಟೇ ದಿನ ಬಿಡುವು ಕೊಡಬೇಕು. ಜೈಲಿನ ಅಧಿಕಾರಿ ಕೊಡಬಹುದಾದ ಶಿಕ್ಷೆಗಳು ಬೇರೆ. 1894ರ ಪ್ರಿಸನ್ಸ್ ಆಕ್ಟ್ ಅವುಗಳನ್ನು ‘ಸೆಪರೇಟ್’ ಮತ್ತು ‘ಸೆಲ್ಯುಲರ್’ ಎಂದು ಕರೆಯುತ್ತದೆ. ‘ಸೆಪರೇಟ್’ ಅಂದರೆ ಬೇರೆ ಕೈದಿಗಳ ಜೊತೆ ಮಾತಿಲ್ಲ, ಆದರೆ ಅವರು ಕಣ್ಣಿಗೆ ಕಾಣುತ್ತಿರಬೇಕು. ದಿನಕ್ಕೆ ಒಂದು ಗಂಟೆಯಾದರೂ ಮೈ ಆಡಿಸಲು ಬಿಡಬೇಕು, ಊಟ ಇನ್ನೊಬ್ಬರ ಜೊತೆ ಆಗಬೇಕು. ‘ಸೆಲ್ಯುಲರ್’ನಲ್ಲಿ ಆ ಒಂದು ಗಂಟೆಯೂ ಇಲ್ಲ, ಜೊತೆಯೂಟವೂ ಇಲ್ಲ. ಕಣ್ಣಿಗೆ ಕಾಣುವುದೊಂದು ಮಾತ್ರ ಉಳಿಯುತ್ತದೆ. ಅದರ ಮಿತಿ 14 ದಿನ.

ಈ ಮೂರಕ್ಕೂ ‘ಏಕಾಂತ ಬಂಧನ’ ಅಂತ ಬರೆದ ಅನುವಾದಗಳನ್ನು ನೋಡಿದ್ದೇನೆ. ಆಗ ಕೈದಿಗೆ ತನ್ನನ್ನು ಯಾವುದರಲ್ಲಿ ಇಟ್ಟಿದ್ದಾರೆ, ಯಾವ ಮಿತಿ ದಾಟಿದೆ ಅಂತ ಕೇಳಲು ಮಾತೇ ಇರುವುದಿಲ್ಲ. ‘ಸೆಪರೇಟ್’ಗೆ ‘ಬೇರೆಯಿಡುವುದು’ ಸಾಕು ಅನ್ನಿಸುತ್ತದೆ. ‘ಸೆಲ್ಯುಲರ್’ಗೆ ‘ಕೋಣೆ ಸೆರೆ’ ಹೊಳೆದಿದೆ, ಪೂರ್ತಿ ಸಮಾಧಾನವಿಲ್ಲ.

ಹೆಸರಿನ ವಿಷಯ ಎಷ್ಟು ದೊಡ್ಡದು ಅನ್ನುವುದಕ್ಕೆ 1978ರ ಸುನಿಲ್ ಬಾತ್ರಾ ಪ್ರಕರಣ ನೋಡಿ. ತಿಹಾರ್ ಜೈಲಿನಲ್ಲಿ ಗಲ್ಲು ಶಿಕ್ಷೆಯಾದ ಕೈದಿಯನ್ನು ಒಬ್ಬನೇ ಇಟ್ಟಿದ್ದರು. ಇದು ಒಂಟಿ ಸೆರೆಯೇ ಅಲ್ಲ, 1894ರ ಪ್ರಿಸನ್ಸ್ ಆಕ್ಟಿನ 30ನೇ ಕಲಮಿನ ಪ್ರಕಾರ ಬೇರೆ ಕೋಣೆಯಲ್ಲಿ ಇಟ್ಟಿದ್ದೇವೆ ಅಷ್ಟೇ ಎಂದು ಆಡಳಿತ ವಾದಿಸಿತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆ ಕಲಮು ಒಂಟಿ ಸೆರೆಗೆ ಅಧಿಕಾರ ಕೊಡುವುದಿಲ್ಲ, ಕ್ಷಮಾದಾನದ ದಾರಿಯೂ ಮುಚ್ಚಿದ ಮೇಲಷ್ಟೇ ಒಬ್ಬ ‘ಗಲ್ಲು ಕೈದಿ’ ಆಗುತ್ತಾನೆ ಎಂದಿತು. ಬೆರೆಯುವುದು, ಮಾತಾಡುವುದು, ಮಾತಾಡಿಸಿಕೊಳ್ಳುವುದು ಇವನ್ನು ಪೂರ್ತಿ ಕಿತ್ತುಕೊಂಡರೆ ಸಂವಿಧಾನದ 21ನೇ ವಿಧಿಗೆ ಪೆಟ್ಟು ಎಂಬ ಮಾತೂ ಆ ತೀರ್ಪಿನಲ್ಲಿದೆ.

ಈ ‘ಮಾತಾಡಿಸಿಕೊಳ್ಳುವುದು’ ನನ್ನ ಎರಡನೇ ತೊಡಕಿಗೂ ದಾರಿ ತೋರಿಸಿತು. ಕೈದಿಗಳನ್ನು ಹೇಗೆ ನಡೆಸಿಕೊಳ್ಳಬೇಕು ಅನ್ನುವ ಬಗ್ಗೆ 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು ಒಂಟಿ ಸೆರೆಗೆ ಒಂದು ಅಳತೆ ಕೊಡುತ್ತವೆ: ದಿನಕ್ಕೆ 22 ಗಂಟೆ ಅಥವಾ ಜಾಸ್ತಿ, ‘ಮೀನಿಂಗ್‌ಫುಲ್ ಹ್ಯೂಮನ್ ಕಾಂಟ್ಯಾಕ್ಟ್’ ಇಲ್ಲದೆ ಇಡುವುದು. ಸತತ 15 ದಿನ ದಾಟಿದರೆ ಅದು ದೀರ್ಘಾವಧಿಯದು, ಅದಕ್ಕೆ ಪೂರ್ತಿ ನಿಷೇಧ. ಕತ್ತಲೆ ಕೋಣೆಗೂ ಹಗಲುರಾತ್ರಿ ದೀಪ ಆರಿಸದ ಕೋಣೆಗೂ ನಿಷೇಧ. ಆ ಇಂಗ್ಲಿಷ್ ಮಾತನ್ನು ‘ಅರ್ಥಪೂರ್ಣ ಮಾನವ ಸಂಪರ್ಕ’ ಅಂತ ಬರೆದರೆ ಜೀವವೇ ಇಲ್ಲ, ಅಲ್ವಾ? ಊಟದ ತಟ್ಟೆ ಒಳಗೆ ತಳ್ಳಿ ಹೋಗುವುದು, ತಲೆ ಎಣಿಸಿ ಹೋಗುವುದು ಇದರಲ್ಲಿ ಸೇರಬಾರದು. ‘ಒಬ್ಬರಾದರೂ ಎದುರು ನಿಂತು ಮಾತಾಡಿಸದೆ’ ಅಂದರೆ ಯಾರಿಗಾದರೂ ತಿಳಿಯುತ್ತದೆ. ನಾವು ಆಸ್ಪತ್ರೆಗೆ ಹೋಗಿ ‘ಮಾತಾಡಿಸಿಕೊಂಡು ಬಂದೆ’ ಅನ್ನುವಾಗ ಇರುವ ಅರ್ಥವೇ ಇದು. ಕಾನೂನಿನ ಪಠ್ಯಕ್ಕೆ ಇದು ತೀರಾ ಮನೆಮಾತಾಯಿತು ಎಂದು ಜೊತೆಯವರು ತಕರಾರು ತೆಗೆದಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

1894ರ ಕಾಯ್ದೆಯ 29ನೇ ಕಲಮನ್ನೂ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತಿದ್ದೇನೆ. ಒಂಟಿ ಕೋಣೆಯ ಒಳಗಿನಿಂದ ಯಾವ ಹೊತ್ತಿನಲ್ಲಾದರೂ ಜೈಲು ಅಧಿಕಾರಿಯನ್ನು ಕರೆಯುವ ಏರ್ಪಾಡು ಇರಬೇಕು. 24 ಗಂಟೆಗಿಂತ ಜಾಸ್ತಿ ಸೆಲ್‌ನಲ್ಲಿಟ್ಟವರನ್ನು ವೈದ್ಯರೋ ಅವರ ಕೈಕೆಳಗಿನವರೋ ದಿನಕ್ಕೊಮ್ಮೆ ಬಂದು ನೋಡಬೇಕು. ಶಿಕ್ಷೆಗಾಗಿ ಇಟ್ಟಿರಲಿ, ಇನ್ಯಾವುದಕ್ಕೇ ಇಟ್ಟಿರಲಿ. ಈ ಕೊನೆಯ ಮಾತು ಮುಖ್ಯ. ‘ಭದ್ರತೆಗಾಗಿ’ ಒಬ್ಬನೇ ಇಟ್ಟರೂ ಈ ಹಕ್ಕು ಹೋಗುವುದಿಲ್ಲ.

ಇದು ದೂರದ ಮಾತೇನಲ್ಲ. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ಗಲ್ಲು ಶಿಕ್ಷೆಯ ಒಬ್ಬ ಕೈದಿಯನ್ನು ಸುಮಾರು 10 ವರ್ಷ ಒಂಟಿಯಾಗಿ ಇಟ್ಟಿದ್ದರು. ಅದರಿಂದ ಅವನ ಮನಸ್ಸಿನ ಆರೋಗ್ಯ ಕೆಟ್ಟಿದ್ದನ್ನು ಗಮನಿಸಿ ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಗಲ್ಲು ಶಿಕ್ಷೆಯನ್ನು ಕಡಿಮೆಯೆಂದರೆ 30 ವರ್ಷಗಳ ಜೀವಾವಧಿಗೆ ಇಳಿಸಿತು. ಅವನ ಮೇಲಿದ್ದದ್ದು ಅತ್ಯಾಚಾರ, ಕೊಲೆಯಂಥ ಘೋರ ಅಪರಾಧ. ಅಂಥವನಿಗೂ ಮಿತಿ ಇದೆ ಎಂದರೆ ಸಣ್ಣ ಕಳ್ಳತನದ ಕೇಸಿನಲ್ಲಿ ಒಳಗಿರುವ ಹುಡುಗನಿಗೆ ಇಲ್ಲವೇ?

ಈಗ ನನ್ನ ಪ್ರಶ್ನೆಗಳು. ಕೈದಿಗಳು ‘ಬ್ಯಾರಕ್ಕಿನಿಂದ ತೆಗೆದು ಸೆಲ್‌ಗೆ ಹಾಕಿದರು’ ಅನ್ನುವುದನ್ನು ಕೇಳಿದ್ದೇನೆ. ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ಇದಕ್ಕೆ ಬೇರೆ ಮಾತು ಬಳಕೆಯಲ್ಲಿದೆಯೇ? ಕರಾವಳಿಯಲ್ಲಿ? ಜೈಲು ಇಲಾಖೆಯಲ್ಲಿ ಕೆಲಸ ಮಾಡಿದವರು, ವಕೀಲರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ‘ಕೋಣೆ ಸೆರೆ’ಗಿಂತ ಒಳ್ಳೆಯದು ಸಿಕ್ಕರೆ ಅದನ್ನೇ ಹಾಕುತ್ತೇನೆ. ‘ಸೆಲ್’ ಅನ್ನುವುದನ್ನು ಹಾಗೇ ಉಳಿಸಿ ‘ಸೆಲ್ ಸೆರೆ’ ಅನ್ನೋಣವೇ ಎಂಬುದನ್ನೂ ತಿಳಿಸಿ.