ಶಾಲೆ ತೆರೆದರೆ ಮಕ್ಕಳ ಪ್ರಯಾಣ ಹೇಗೆ? (2021ರ ಪ್ರಶ್ನೋತ್ತರ)

ಪ್ರಶ್ನೆ (ಪೋಷಕಿ, ಪೆರ್ಲ): 2021ರ ನವೆಂಬರ್ 1ರಂದು ಕೇರಳದಲ್ಲಿ ಕೋವಿಡ್‌ನಿಂದಾಗಿ ಮುಚ್ಚಿದ್ದ ಶಾಲೆಗಳು ತೆರೆಯಲಿದ್ದು, ಮೂರನೇ ತರಗತಿಯ ನನ್ನ ಮಗಳು ಇನ್ನೂ ಆರೇಳು ಮಕ್ಕಳೊಂದಿಗೆ ಒಂದೇ ರಿಕ್ಷಾದಲ್ಲಿ ಹೋಗಬೇಕಾಗಿರುವುದರಿಂದ, ತರಗತಿಯಲ್ಲಿ ಅಂತರ ಕಾಯ್ದುಕೊಂಡು ಪ್ರಯೋಜನವೇನು ಎಂಬ ಸಂಶಯ ನನಗಿದೆ.

ಉತ್ತರ (ಅಧ್ಯಾಪಕ, ಕುಂಬಳೆ): ತಮ್ಮ ಸಂಶಯ ಸರಿಯಾದುದೇ. ಸರಕಾರದ ಕೋವಿಡ್ ಮಾರ್ಗಸೂಚಿಯಂತೆ ಶಾಲಾ ಬಸ್ಸಿನಲ್ಲಿ ಸೀಟಿಗೆ ಒಬ್ಬರೇ, ನಿಂತು ಪ್ರಯಾಣಿಸುವಂತಿಲ್ಲ. ಮಕ್ಕಳನ್ನು ತಂಡಗಳಾಗಿ ವಿಂಗಡಿಸಿ ಮಧ್ಯಾಹ್ನದವರೆಗೆ ಮಾತ್ರ ತರಗತಿ ನಡೆಸುವುದರಿಂದ, ಒಂದೇ ತಂಡದವರನ್ನು ಒಂದೇ ರಿಕ್ಷಾಕ್ಕೆ ಸೇರಿಸಿದರೆ, ಯಾರಿಗಾದರೂ ಸೋಂಕು ಕಂಡಾಗ ಸಂಪರ್ಕದಲ್ಲಿದ್ದವರನ್ನು ಗುರುತಿಸುವುದು ಸುಲಭ.

ಉತ್ತರ (ರಿಕ್ಷಾ ಚಾಲಕ, ಬದಿಯಡ್ಕ): ಮಳೆ ಬಂದರೂ ಪರದೆಯನ್ನು ಪೂರ್ತಿ ಇಳಿಸಬಾರದು, ಗಾಳಿಯಾಡುವುದೇ ಮುಖ್ಯ. ಆದರೆ ಅಂತರಕ್ಕಾಗಿ ಮೂವರನ್ನಷ್ಟೇ ಒಯ್ದರೆ ಡೀಸೆಲಿನ ಖರ್ಚೂ ಹುಟ್ಟದು; ಬಾಡಿಗೆಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಪೋಷಕಿ: ಅಣ್ಣಾ, ಪಿಟಿಎ (ಪೋಷಕ-ಅಧ್ಯಾಪಕ ಸಂಘ) ಸಭೆಯಲ್ಲಿ ಅದನ್ನೇ ಮೊದಲು ಕೇಳುತ್ತೇನೆ.